ಎಂ6 ಟ್ಯಾಪ್‌ಗೆ 5 ಎಂಎಂ ಡ್ರಿಲ್ಲೋ, 4.5 ಎಂಎಂ ಡ್ರಿಲ್ಲೋ? ಇದೊಂದ ಸಲ ಪೂರಾ ಹೇಳಿಬಿಡ್ತೀನಿ

ಪ್ರಶ್ನೆ: "ಸರ್, ಅಲ್ಯೂಮಿನಿಯಂ ಪಟ್ಟಿಗೆ ಎಂ6 ಟ್ಯಾಪ್ ಹೊಡೀಬೇಕು. ಡ್ರಿಲ್ 5 ಹಾಕ್ಲೋ 4.5 ಹಾಕ್ಲೋ? ತೂತು ಸಣ್ಣ ಇದ್ದಷ್ಟ ಹಿಡಿತ ಗಟ್ಟಿ ಅಂತ ನಮ್ಮ ಫಿಟ್ಟರ್ ಹೇಳ್ಯಾರ. ಸಾಗವಾನಿ ಕಟ್ಟಿಗೀಗೂ ಅದ ಲೆಕ್ಕ ನಡೀತೈತೇನ್ರಿ?"

5 ಹಾಕ್ರಿ. ಉತ್ತರ ಇಷ್ಟ. ಆದ್ರ ಇಷ್ಟ ಹೇಳಿ ಬಿಟ್ರ ನಾಳೆ ಇನ್ನೊಬ್ಬರು ಅದನ್ನ ಕೇಳ್ತಾರ, ನಾಡದ್ದು ಮತ್ತೊಬ್ಬರು, ಅದಕ್ಕ ಈ ಸಲ ಕುಂತು ಬರ್ಯಾಕತ್ತೀನಿ. ಬೆಳಗಾವಿ ಉದ್ಯಮಬಾಗದಾಗ ಒಂದ ಓಣಿ ದಾಟೂದ್ರಾಗ ಹತ್ತು ವರ್ಕ್‌ಶಾಪ್ ಸಿಗೋ ಊರು ನಮ್ದು, ಆದ್ರೂ ಈ "ಸಣ್ಣ ತೂತು, ಗಟ್ಟಿ ಹಿಡಿತ" ಅನ್ನೋ ಮಾತು ಇನ್ನೂ ಸತ್ತಿಲ್ಲ ಅಂದ್ರ ಏನ ಹೇಳೂದು.

ಮೊದ್ಲು ಲೆಕ್ಕ. ಟ್ಯಾಪ್ ಅಂದ್ರ ತೂತಿನ ಒಳಗ ಬೋಲ್ಟ್ ಕೂಡಾಕ ಥ್ರೆಡ್, ಅಂದ್ರ ಸುರುಳಿ ಗೆರಿ, ಕತ್ತರಿಸೋ ಹತಾರ; ಎಂ6 ಅಂದ್ರ 6 ಎಂಎಂ ದಪ್ಪದ ಬೋಲ್ಟಿನ ಸೈಜ್. ಬೋಲ್ಟಿನ ಸೈಜ್‌ನಾಗಿಂದ ಪಿಚ್ (ಒಂದ ಥ್ರೆಡ್ಡಿನಿಂದ ಮುಂದಿನ ಥ್ರೆಡ್ಡಿಗೆ ಇರೋ ಅಂತರ) ಕಳೀರಿ, ಡ್ರಿಲ್ ಸೈಜ್ ಬಂತು. ಎಂ6 ಪಿಚ್ 1, ಅಂದ್ರ 5. ಎಂ8 ಪಿಚ್ 1.25, ಅಂದ್ರ 6.75, ಹತ್ತಿರದ ಡ್ರಿಲ್ 6.8. ಎಂ5-ಕ್ಕ 4.2, ಎಂ4-ಕ್ಕ 3.3, ಎಂ10-ಕ್ಕ 8.5. ಚಾರ್ಟ್ ಹುಡುಕೋದು ಬ್ಯಾಡ, ಪಿಚ್ ನೆನಪಿದ್ರ ಬಾಯಿಲೆ ಹೇಳಬಹುದು.

ಈಗ ಆ 4.5-ರ ಕಥಿಗೆ ಬರೂಣು. ಒಂದ ಎಂ6 ಬೋಲ್ಟ್ ಕೈಯಾಗ ಹಿಡಕೊಂಡು ಥ್ರೆಡ್ಡಿನ ತಗ್ಗು ನೋಡ್ರಿ, ನಮ್ಮಲ್ಲಿ ಮರಾಠಿ ಮಂದಿ ಥ್ರೆಡ್‌ಗೆ ಆಟೆ ಅಂತಾರಲ್ಲ, ಆ ಎರಡು ಆಟೆ ನಡುವಿನ ತಗ್ಗು. ಅಲ್ಲಿ ಬೋಲ್ಟಿನ ದಪ್ಪ ಸುಮಾರು 4.77 ಎಂಎಂ. ನೀವು 4.5 ತೂತು ಹಾಕಿ ಉಳಿಸಿದ ಆ ಹೆಚ್ಚಿನ ಅಲ್ಯೂಮಿನಿಯಂ ಐತಲ್ಲ, ಅದು ಇರಬೇಕಾದ ಜಾಗಾದಾಗ ಬೋಲ್ಟಿನ ಮೈಯೇ ಬಂದು ಕುಂದ್ರತೈತಿ. ಅಂದ್ರ ಆ ಲೋಹ ಅಲ್ಲಿ ಉಳ್ಯಾಕ ಸಾಧ್ಯನ ಇಲ್ಲ, ಟ್ಯಾಪ್ ಅದನ್ನ ಹ್ಯಾಂಗರ ಮಾಡಿ ತಗೀಲೇಬೇಕು. ಟ್ಯಾಪಿನ ಹಲ್ಲು ಕತ್ತರಿಸಾಕ ಇರೂದು ಖರೆ, ಆದ್ರ ಹಲ್ಲಿನ ಬುಡ ಕತ್ತರಿಸಾಕ ಮಾಡಿದ್ದಲ್ಲ, ಅದು ಬರೇ ತಿಕ್ಕತೈತಿ, ಬಿಸಿ ಆಗ್ತೈತಿ, ಅಲ್ಯೂಮಿನಿಯಂ ಮೊದ್ಲ ಅಂಟೋ ಜಾತಿ, ಹಲ್ಲಿಗೆ ಮೆತ್ತಿಕೊಂಡು ಟ್ಯಾಪ್ ಸಿಕ್ಕೊಂತೈತಿ, ನೀವು ಹ್ಯಾಂಡಲ್ ಮ್ಯಾಲೆ ಇನ್ನೊಂಚೂರು ಜೋರ್ ಹಾಕ್ತೀರಿ, ಟಕ್ ಅಂತೈತಿ. ಆಮ್ಯಾಲೆ ನನಗ ಫೋನು.

"ಆದ್ರ ಟೈಟ್ ಆಗಿ ಹೋಗ್ತೈತಲ್ರಿ?" ಹೌದು, ಟ್ಯಾಪ್ ಟೈಟ್ ಆಗಿ ಹೋಗ್ತೈತಿ. ಬೋಲ್ಟ್ ಅಲ್ಲ. ಟ್ಯಾಪ್ ತಿರುವಾಗ ಕೈಗೆ ಹತ್ತೋ ಬಿಗಿ, ಬೋಲ್ಟ್ ಹಿಡಿಯೋ ಬಿಗಿ ಎರಡೂ ಬ್ಯಾರೆ ಬ್ಯಾರೆ, ಇದೊಂದು ತಲಿಗೆ ಹೋದ್ರ ಅರ್ಧ ಟ್ಯಾಪ್ ಉಳೀತಾವ. 5 ಎಂಎಂ ತೂತಿನಾಗ ಥ್ರೆಡ್ ಸುಮಾರು 77 ಪರ್ಸೆಂಟ್ ತುಂಬ್ತೈತಿ. ಅದನ್ನ ಪೂರಾ 100 ಮಾಡಿದ್ರೂ ಗಟ್ಟಿತನ ಹೆಚ್ಚಾಗೂದು 5 ಪರ್ಸೆಂಟ್ ಆಸುಪಾಸು, ಟ್ಯಾಪ್ ತಿರುವಾಕ ಬೇಕಾಗೋ ಜೋರ್ ಮಾತ್ರ ಮೂರು ಪಟ್ಟು. ನಾಕಾಣೆ ಲಾಭಕ್ಕ ರೂಪಾಯಿ ಖರ್ಚು.

ಗಟ್ಟಿತನ ಬೇಕಂದ್ರ ತೂತು ಸಣ್ಣ ಮಾಡಬ್ಯಾಡ್ರಿ, ಆಳ ಹೆಚ್ಚು ಕೊಡ್ರಿ. ಉಕ್ಕಿನಾಗ ಬೋಲ್ಟಿನ ದಪ್ಪದಷ್ಟ ಆಳ ಥ್ರೆಡ್ ಇದ್ರ ನಡೀತೈತಿ, ಅಲ್ಯೂಮಿನಿಯಂನಾಗ ಒಂದೂವರಿಯಿಂದ ಎರಡು ಪಟ್ಟು ಬೇಕು. ಎಂ6-ಕ್ಕ 9 ರಿಂದ 12 ಎಂಎಂ. ನಿಮ್ಮ ಪಟ್ಟಿ 5 ಎಂಎಂ ದಪ್ಪ ಇದ್ರ ಯಾವ ಡ್ರಿಲ್ ಹಾಕಿದ್ರೂ ಅಷ್ಟ, ಹಿಂದ ನಟ್ ಹಾಕ್ಕೋರಿ, ಕೆಲಸ ಮುಗೀತು.

ಈ ಸುಳ್ಳು ಹುಟ್ಟಿದ್ದು ಎಲ್ಲಿ ಅಂತ ನನಗ ಗೊತ್ತೈತಿ, ಬಡಿಗ್ಯಾರ ಹತ್ರ. ಅವರ ತಪ್ಪಲ್ಲ ಅದು. ಮೆತ್ತನ್ನ ಕಟ್ಟಿಗಿಯೊಳಗ ಮರದ ಸ್ಕ್ರೂ ಹಾಕುವಾಗ ತೂತು ಸಣ್ಣ ಮಾಡೂದು ಸರಿ, ಯಾಕಂದ್ರ ಸ್ಕ್ರೂ ಕತ್ತರಿಸಂಗಿಲ್ಲ, ನಾರು ಬದಿಗೆ ಸರಿಸಿಕೊಂಡು ಒಳಗ ನುಗ್ಗತೈತಿ, ಆ ಒತ್ತಿದ ನಾರ ಅದನ್ನ ಹಿಡಕೊಂತೈತಿ. ಟ್ಯಾಪ್ ನುಗ್ಗಂಗಿಲ್ಲ, ಕತ್ತರಿಸಿ ಹೊರಗ ತಗೀತೈತಿ. ಬಡಿಗ್ಯಾನ ಮಾತನ್ನ ಫಿಟ್ಟರ್ ಕೇಳಿ ಲೋಹಕ್ಕ ಹಚ್ಚಿದ, ಅಲ್ಲಿಂದ ಈ ರಗಳಿ.

ಇನ್ನ ಅಲ್ಯೂಮಿನಿಯಂಗೆ ಹೊಡಿಯೋ ರೀತಿ. ತೂತಿನ ಬಾಯಿ ಚೂರು ಕೌಂಟರ್‌ಸಿಂಕ್ ಮಾಡ್ರಿ, ಅಂದ್ರ ಅಂಚು ಇಳಿಜಾರಾಗಿ ಕೊರೀರಿ, ಇಲ್ಲಂದ್ರ ಮೊದಲನೇ ಥ್ರೆಡ್ ಮ್ಯಾಲೆ ಎದ್ದು ನಿಂತು ಪಟ್ಟಿ ಸಪಾಟ ಕುಂದ್ರಂಗಿಲ್ಲ. ಚಿಮಣಿ ಎಣ್ಣಿ ಹಾಕ್ರಿ, ಸಿಗದಿದ್ರ ಡೀಸೆಲ್. ಅರ್ಧ ಸುತ್ತ ಮುಂದ, ಕಾಲು ಸುತ್ತ ಹಿಂದ, ಚಿಪ್, ಅಂದ್ರ ಕತ್ತರಿಸಿದ ಲೋಹದ ಚೂರು, ಮುರೀಲಿ. ಟ್ಯಾಪ್ ನೆಟ್ಟಗ ನಿಂದ್ರವಲ್ದು ಅನ್ನೋರು ಅದ ಸೈಜಿನ ನಟ್ ಒಂದನ್ನ ಟ್ಯಾಪಿಗೆ ತಿರುವಿ ತೂತಿನ ಮ್ಯಾಲೆ ಒತ್ತಿ ಹಿಡಕೊಂಡು ಸುರು ಮಾಡ್ರಿ, ಇದನ್ನ ಕಲಿಸಿದ ಹುಡುಗ್ರು ಇವತ್ತಿಗೂ ಭೆಟ್ಟಿ ಆದ್ರ ಅದ ನೆನಸ್ತಾರ. ಹಿತ್ತಾಳಿ ಸುಲಭ, ಒಣಾ ಹೊಡದ್ರೂ ನಡೀತೈತಿ. ತಾಂಬ್ರ ಮಾತ್ರ ಕಾಡತೈತಿ, ಎಣ್ಣಿ ಧಾರಾಳ ಇರ್ಲಿ. ಬೀಡಿಗೆ, ಅಂದ್ರ ನಮ್ಮ ಫೌಂಡ್ರಿ ಕಾಸ್ಟಿಂಗ್‌ಗೆ, ಎಣ್ಣಿ ಬ್ಯಾಡ.

ಸಾಗವಾನಿ ಪ್ರಶ್ನೆ ಮರತಿಲ್ಲ. ಕಟ್ಟಿಗಿಯೊಳಗ ಟ್ಯಾಪ್ ಹೊಡೀಬಹುದು, ಚಲೋನೂ ಹಿಡೀತೈತಿ, ಆದ್ರ ಸಾಗವಾನಿ, ಬೀಟೆ, ಜಾಲಿ ಇಂಥ ಗಟ್ಟಿ ಕಟ್ಟಿಗಿ ಬೇಕು. ಎಂ6-ಕ್ಕಿಂತ ಸಣ್ಣದು ಹೊಡೀಬ್ಯಾಡ್ರಿ, ಸಣ್ಣ ಥ್ರೆಡ್ ಪುಡಿ ಆಗಿ ಉದರ್ತಾವ, ಎಂ8 ಇನ್ನೂ ಚಲೋ. ನಾರಿಗೆ ಅಡ್ಡ ಹೊಡೀರಿ, ತುದಿಯಿಂದ ನಾರಿನ ಉದ್ದಕ್ಕ ಹೊಡದ್ರ ಹಿಡಿತ ಅಷ್ಟಕ್ಕಷ್ಟ. ಪ್ಲೈವುಡ್ಡಿನ ಅಂಚಿಗಂತೂ ಕೇಳಲೇಬ್ಯಾಡ್ರಿ. ಇಲ್ಲಿ ಮಾತ್ರ ಆ ಫಿಟ್ಟರ್ ಮಾತಿನಾಗ ಒಂಚೂರು ಹುರುಳೈತಿ, ಒಪ್ಪಕೊಂತೀನಿ: ಕಟ್ಟಿಗಿ ಸ್ಪ್ರಿಂಗ್ ಆಗೋದ್ರಿಂದ ಎಂ8-ಕ್ಕ 6.8 ಬದ್ಲಿ 6.5 ಹಾಕಿದ್ರೂ ಟ್ಯಾಪ್ ತಡಕೊಂತೈತಿ. ಟ್ಯಾಪ್ ಹೊಡದ ಮ್ಯಾಲೆ ತೆಳ್ಳನ ಫೆವಿಕ್ವಿಕ್ ನಾಕೈದು ಹನಿ ಥ್ರೆಡ್ಡಿಗೆ ಬಿಡ್ರಿ, ಪೂರಾ ಒಣಗಿದ ಮ್ಯಾಲೆ ಅದ ಟ್ಯಾಪ್ ಇನ್ನೊಮ್ಮೆ ತಿರುವ್ರಿ, ಥ್ರೆಡ್ ಕಲ್ಲಾಗತಾವ. ಹೆಚ್ಚಾದ ಗಮ್ಮನ್ನ ಅರಿವಿ, ಹತ್ತಿಲೆ ಒರಸಬ್ಯಾಡ್ರಿ, ಹತ್ತಿ ಕೂಡ ಸೇರಿದ್ರ ಅದು ಕೈ ಸುಡೋವಷ್ಟು ಬಿಸಿ ಆಗ್ತೈತಿ. ಮತ್ತ ನಮ್ಮ ಬೆಳಗಾವಿ ಮಳಿ ಗೊತ್ತಲ್ಲ, ಜೂನ್‌ನಾಗ ಹಸಿ ಹೀರಿದ ಕಟ್ಟಿಗೀಗೆ ಹೊಡದ ಥ್ರೆಡ್ ಬ್ಯಾಸಗಿಗೆ ಸಡ್ಲ ಆಗ್ತಾವ, ಒಣ ಕಟ್ಟಿಗಿ ನೋಡಿ ಹೊಡೀರಿ.

ಈಗ ನೀವು ಕೇಳದ ಪ್ರಶ್ನೆ, ಯಾಕಂದ್ರ ಇದನ್ನ ಓದೋ ಹೊತ್ತಿಗೆ ಒಬ್ಬರರ 4.5 ಹಾಕಿ ಟ್ಯಾಪ್ ಮುರಕೊಂಡಿರ್ತೀರಿ. ಸುತ್ತಿಗಿ ತಗೋಬ್ಯಾಡ್ರಿ. ಹಜಾಮತಿ ಆದ ಮ್ಯಾಲೆ ಗಲ್ಲಕ್ಕ ತಿಕ್ಕೋ ಪಟಕ ಐತಲ್ಲ, ಕಿರಾಣಿ ಅಂಗಡ್ಯಾಗ ಸಿಗತೈತಿ, ಅದನ್ನ ಬಿಸಿ ನೀರಿನಾಗ ಕರಗೋವಷ್ಟು ಕರಗಿಸ್ರಿ. ಗಾಜಿನ ಪಾತ್ರಿಯೊಳಗ ಆ ನೀರು, ನೀರಿನಾಗ ನಿಮ್ಮ ಅಲ್ಯೂಮಿನಿಯಂ ಪೀಸ್, ಆ ಗಾಜಿನ ಪಾತ್ರಿನ ನೀರು ತುಂಬಿದ ಬೋಗುಣಿಯೊಳಗ ಇಟ್ಟು ಸಣ್ಣ ಉರೀಲೆ ಕಾಸ್ರಿ. ಮುರದ ಟ್ಯಾಪ್ ಮ್ಯಾಲೆ ಗುಳ್ಳಿ ಏಳ್ತಾವ, ಉಕ್ಕು ಕರಗಿ ಕರಿ ರಾಡಿ ಆಗ್ತೈತಿ, ಅಲ್ಯೂಮಿನಿಯಂ ಹಂಗ ಉಳೀತೈತಿ, ಬೇಕಾದ್ರ ಮ್ಯಾಲಿನ ಹೊಳಪು ಚೂರು ಮಾಸಬಹುದು. ಗಡಿಯಾರ ರಿಪೇರಿ ಮಾಡೋರು ಹಿತ್ತಾಳಿಯೊಳಗ ಮುರದ ಸಣ್ಣ ಸ್ಕ್ರೂ ತಗ್ಯಾಕ ಇದನ್ನ ಮಾಡ್ತಾರ. ಕಾರ್ಬನ್ ಸ್ಟೀಲ್ ಟ್ಯಾಪ್ ಬ್ಯಾಗ ಹೋಗ್ತೈತಿ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆದ್ರ ಭಾಳ ಹೊತ್ತು ಹಿಡೀತೈತಿ, ನೀರು ಆರಿದಂಗ ಮತ್ತ ಕಾಸ್ರಿ, ಪಟಕ ಹಾಕ್ರಿ. ಬಾಗಲಾ ಕಿಡಕಿ ತಗದ ಮಾಡ್ರಿ. ಪೀಸಿನಾಗ ಬ್ಯಾರೆ ಉಕ್ಕಿನ ಪಿನ್ನು, ಬೇರಿಂಗ್ ಇದ್ರ ಮೊದ್ಲ ಬಿಚ್ರಿ, ಪಟಕಕ್ಕ ಯಾವ ಉಕ್ಕು ನಿಮ್ದು ಯಾವ್ದು ಮುರದದ್ದು ಅಂತ ಗೊತ್ತಾಗಂಗಿಲ್ಲ. ಟ್ಯಾಪ್ ಹೊರಗ ಬಂದ ಮ್ಯಾಲೆ ಆ ತೂತಿಗೆ 5 ಎಂಎಂ ಡ್ರಿಲ್ ಹಾಕ್ರಿ.