ಡೆನ್ಸಿಟೋಮೀಟರ್ ಅಂದರೇನು, ಅದನ್ನು ಸರಿಹೊಂದಿಸುವುದು ಹೇಗೆ?

ನೆಗೆಟಿವ್ ಬೆಳಕಿಗೆ ಹಿಡಿದು "ಸ್ವಲ್ಪ ತೆಳು ಆಯ್ತು" ಅನ್ನುತ್ತೇವಲ್ಲ, ಆ "ಸ್ವಲ್ಪ" ಎಷ್ಟು ಅಂತ ಅಂಕಿಯಲ್ಲಿ ಹೇಳುವ ಉಪಕರಣ ಡೆನ್ಸಿಟೋಮೀಟರ್. ಒಂದು ಕಡೆ ದೀಪ, ಇನ್ನೊಂದು ಕಡೆ ಸೆನ್ಸರ್, ನಡುವೆ ಫಿಲ್ಮ್. ಅಷ್ಟೇ. ಪ್ರಿಂಟ್ ಅಳೆಯುವ ಮೀಟರ್‌ನಲ್ಲಿ ದೀಪ, ಸೆನ್ಸರ್ ಎರಡೂ ಒಂದೇ ಬದಿಯಲ್ಲಿರುತ್ತವೆ, ಯಾಕಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಕಾಗದಕ್ಕೆ ತಾಗಿ ವಾಪಸ್ ಬರುವ ಬೆಳಕು.

ಡೆನ್ಸಿಟಿ, ಅಂದರೆ ಫಿಲ್ಮ್ ಎಷ್ಟು ಬೆಳಕು ತಡೆಯುತ್ತದೆ ಅನ್ನುವ ಅಳತೆ, ಲಾಗರಿದಮ್ ಲೆಕ್ಕದ್ದು. ಬಿದ್ದ ಬೆಳಕಿನ ಹತ್ತನೇ ಒಂದು ಪಾಲು ಮಾತ್ರ ದಾಟಿದರೆ 1.0, ನೂರನೇ ಒಂದು ಪಾಲಾದರೆ 2.0, ಸಾವಿರದ ಒಂದಾದರೆ 3.0. ಅರ್ಧ ದಾಟಿದರೆ 0.30, ಅಂದರೆ ಸರಿಯಾಗಿ ಒಂದು ಸ್ಟಾಪ್ (ಬೆಳಕು ಇಮ್ಮಡಿ ಅಥವಾ ಅರ್ಧ ಆಗುವ ಒಂದು ಹೆಜ್ಜೆ). ಈ 0.30 ಒಂದು ನೆನಪಿದ್ದರೆ ಉಳಿದದ್ದೆಲ್ಲ ಸಲೀಸು. ಇಂಗ್ಲೆಂಡಿನ ಹರ್ಟರ್ ಮತ್ತು ಡ್ರಿಫೀಲ್ಡ್ 1890ರಲ್ಲಿ ಹಾಕಿಕೊಟ್ಟ ದಾರಿ ಇದು, ಇವತ್ತಿಗೂ ಅದೇ ನಡೆಯುತ್ತಿದೆ.

ಈಗ ಕ್ಯಾಲಿಬ್ರೇಶನ್. ಮೀಟರ್ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ, ದೀಪ ಒಂದು ಹದಕ್ಕೆ ಬರಲಿ. ಅಳೆಯುವ ಜಾಗದ ಧೂಳು ಒರೆಸಿ. ಏನೂ ಇಡದೆ ಮೀಟರ್‌ನ ತೋಳನ್ನು ಕೆಳಗೆ ಒತ್ತಿ ಸೊನ್ನೆ ಮಾಡಿಕೊಳ್ಳಿ. ಆಮೇಲೆ ಸ್ಟೆಪ್ ವೆಜ್ ತೆಗೆದುಕೊಳ್ಳಿ. ಇದು ತಿಳಿಯಿಂದ ಕಡುಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗಾಢವಾಗುವ ಫಿಲ್ಮ್ ಪಟ್ಟಿ, ಸಾಮಾನ್ಯವಾಗಿ 21 ಮೆಟ್ಟಿಲು, ಒಂದೊಂದಕ್ಕೂ ಸುಮಾರು 0.15 ವ್ಯತ್ಯಾಸ. ಅದರ ಕಪ್ಪು ತುದಿಯ ಮೆಟ್ಟಿಲನ್ನು ಇಟ್ಟು, ಪಟ್ಟಿಯ ಜೊತೆ ಬಂದ ಚೀಟಿಯಲ್ಲಿರುವ ಅಂಕಿಗೆ ಮೀಟರ್ ಹೊಂದಿಸಿ. ನಡುವಿನ ಎರಡು ಮೂರು ಮೆಟ್ಟಿಲುಗಳನ್ನೂ ಓದಿ ನೋಡಿ, ತುದಿಗಳೆರಡೂ ಸರಿ ಇದ್ದು ನಡುವೆ ತಪ್ಪುವ ಹಳೇ ಮೀಟರ್‌ಗಳಿವೆ. ಮೆಟ್ಟಿಲುಗಳನ್ನು ಅಳೆದು ಅಂಕಿ ಬರೆದುಕೊಟ್ಟ ಪಟ್ಟಿಗೆ ದುಡ್ಡು ಜಾಸ್ತಿ, ಆದರೆ ಬೇಕಾದದ್ದು ಅದೇ. ಅದರ ಮೇಲೆ ಬೆರಳಚ್ಚು ಬೀಳದ ಹಾಗೆ ನೋಡಿಕೊಳ್ಳಿ.

ಜನ ಸೊನ್ನೆಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಕಪ್ಪು ತುದಿಯೇ ಮುಖ್ಯ. ಹೇಗಿದ್ದರೂ ಬೆಳಕೇ ಬೀಳದೆ ಡೆವಲಪ್ ಆದ ಫಿಲ್ಮಿನ ಡೆನ್ಸಿಟಿಯನ್ನು, ಅಂದರೆ ಬೇಸ್ ಪ್ಲಸ್ ಫಾಗ್ ಅನ್ನು, ಪ್ರತಿ ಅಂಕಿಯಿಂದ ಕಳೆಯುತ್ತೇವೆ. ಸೊನ್ನೆ 0.02 ಆಚೀಚೆ ಆಗಿದ್ದರೂ ಆ ಕಳೆಯುವುದರಲ್ಲೇ ಹೋಗಿಬಿಡುತ್ತದೆ. ಆದರೆ 3.05 ಇರುವ ಮೆಟ್ಟಿಲನ್ನು ಮೀಟರ್ 2.90 ಅಂತ ಓದಿದರೆ? ಆ ತಪ್ಪು ಎಲ್ಲ ಕಡೆ ಅದೇ ಪ್ರಮಾಣದಲ್ಲಿ ಹರಡಿದ್ದರೆ, ನೆಗೆಟಿವ್‌ನಲ್ಲಿ ನಿಜವಾಗಿ 1.20 ಇರುವ ವ್ಯತ್ಯಾಸ 1.14 ಅಂತ ಕಾಣುತ್ತದೆ. ಕಾಂಟ್ರಾಸ್ಟ್ ಸಾಲದು ಅಂದುಕೊಂಡು ನೀವು ಡೆವಲಪ್ ಮಾಡುವ ಹೊತ್ತು ಹೆಚ್ಚಿಸುತ್ತೀರಿ, ಚೆನ್ನಾಗಿದ್ದ ನೆಗೆಟಿವ್ ಹಾಳಾಗುತ್ತದೆ.

ಉಪಯೋಗ ಏನಪ್ಪಾ ಅಂದರೆ, ಕಪ್ಪು ಬಿಳುಪು ಫಿಲ್ಮಿಗೆ ನಿಮ್ಮ ಡೆವಲಪರ್‌ನಲ್ಲಿ ನಿಜವಾದ ಸ್ಪೀಡ್, ಅಂದರೆ ಬೆಳಕಿಗೆ ಅದು ಎಷ್ಟು ಸೂಕ್ಷ್ಮ, ಅಂತ ಪತ್ತೆ ಮಾಡಬಹುದು. ಬೇಸ್ ಪ್ಲಸ್ ಫಾಗ್‌ಗಿಂತ 0.10 ಮೇಲೆ ಬರುವ ಜಾಗವೇ ಅದಕ್ಕೆ ಗುರುತು. ಬಣ್ಣದ ಫಿಲ್ಮಿಗೆ ಕೆಂಪು, ಹಸಿರು, ನೀಲಿ ಬೇರೆ ಬೇರೆ ಓದಬೇಕು, ನೆಗೆಟಿವ್‌ಗೆ ಸ್ಟೇಟಸ್ ಎಮ್, ಸ್ಲೈಡ್‌ಗೆ ಸ್ಟೇಟಸ್ ಎ (ಮೂರು ಬಣ್ಣಗಳನ್ನು ಹೇಗೆ ಓದಬೇಕು ಅನ್ನುವ ಗೊತ್ತಾದ ಮಾನದಂಡಗಳು ಇವು). ಪೈರೋ ಡೆವಲಪರ್ ಬಳಸುವವರು ಮಾತ್ರ ಹುಷಾರಾಗಿರಿ: ಅದರ ಹಳದಿ ಕಲೆ ನೀಲಿ ಬೆಳಕನ್ನು ತಡೆಯುತ್ತದೆ, ಪ್ರಿಂಟ್ ಕಾಗದಕ್ಕೆ ಅದು ಗೊತ್ತಾಗುತ್ತದೆ, ಕಣ್ಣು ನೋಡುವ ಹಾಗೆ ಓದುವ ಮೀಟರ್‌ನ ಮಾಮೂಲಿ ವಿಷುಯಲ್ ಚಾನೆಲ್‌ಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನೀಲಿ ಚಾನೆಲ್‌ನಲ್ಲಿ ಓದಿ.