ಫ್ಯಾಕ್ಟರಿಗೆ ಜಾಗ ಕೇಳಿ ಪತ್ರ ಬಂದಿದೆ, ಪಂಚಾಯಿತಿ ಏನಂತ ಬರೆಯಬೇಕು?

ಪ್ರಶ್ನೆ: ನಮ್ಮದು ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಗ್ರಾಮ ಪಂಚಾಯಿತಿ. ಕಾಫಿ, ಕಾಳುಮೆಣಸು ಸಂಸ್ಕರಣಾ ಘಟಕಕ್ಕೆ ಐದು ಎಕರೆ ಸಿಗುತ್ತಾ ಅಂತ ಕಂಪನಿಯೊಂದು ಕೇಳಿದೆ. ನೀರು, ಕರೆಂಟು, ರಸ್ತೆ ಅಂತ ಎರಡು ಪುಟ ಪ್ರಶ್ನೆಗಳಿವೆ. ಹತ್ತು ದಿನದಲ್ಲಿ ಉತ್ತರ ಬೇಕಂತೆ. ಎಲ್ಲಿಂದ ಶುರು ಮಾಡೋದು?

ಉತ್ತರ: ಪಹಣಿಯಿಂದ. ಇಂಥದ್ದೇ ಪತ್ರಕ್ಕೆ ಹೋದ ಉತ್ತರವೊಂದನ್ನು ನಾನು ನೋಡಿದ್ದೆ. ಅಬ್ಬಿ ಫಾಲ್ಸ್, ರಾಜಾಸೀಟು, ತಂಪು ಹವೆ ಅಂತ ಪುಟಗಟ್ಟಲೆ ವರ್ಣನೆ, ಸರ್ವೆ ನಂಬರು ಮಾತ್ರ ಎಲ್ಲೂ ಇಲ್ಲ. ಅವರೇನು ಟೂರಿಗೆ ಬರ್ತಿದ್ದಾರಾ?

ನಮ್ಮ ಜಿಲ್ಲೆಯಲ್ಲಿ ಕಷ್ಟ ಇರೋದೇ ಜಾಗದ ದಾಖಲೆಯಲ್ಲಿ. ಜಮ್ಮಾ ಬಾಣೆಯ, ಅಂದರೆ ತಲೆಮಾರುಗಳಿಂದ ಮನೆತನದ ಹೆಸರಲ್ಲಿ ಬಂದ ಜಮೀನಿನ, ಪಹಣಿ ತೆಗೆಸಿ ನೋಡಿ, ಒಂಬತ್ತನೇ ಕಾಲಂನಲ್ಲಿ ಒಕ್ಕದ (ಮನೆತನದ) ಎಷ್ಟೋ ಜನರ ಹೆಸರು ಸಾಲಾಗಿ ಇರುತ್ತವೆ, ಅದರಲ್ಲಿ ಕೆಲವರು ತೀರಿಕೊಂಡೂ ಆಗಿರುತ್ತದೆ, ಮಿಕ್ಕವರು ಬೆಂಗಳೂರಲ್ಲೋ ದುಬೈಲೋ. ಒಬ್ಬರು ‘ಕೊಡ್ತೀನಿ’ ಅಂದರೆ ಸಾಲದು. ಪೈಸಾರಿ ಖಾಲಿ ಬಿದ್ದಿದೆ ಅಂತ ಅದನ್ನು ತೋರಿಸಲೂ ಬೇಡಿ, ಅದು ಸರ್ಕಾರದ್ದು, ಕೊಡುವ ಅಧಿಕಾರ ಪಂಚಾಯಿತಿಗಿಲ್ಲ. ಭೂ ಪರಿವರ್ತನೆ ಆಗಿದೆಯೋ ಇಲ್ಲವೋ ಅನ್ನೋದನ್ನೂ ಬರೆಯಿರಿ. ಒಂದೇ ಜಾಗ ಇದ್ದರೂ ಸಾಕು, ದಾಖಲೆ ಸರಿ ಇರಲಿ.

ಕರೆಂಟಿನ ಬಗ್ಗೆ ವಿದ್ಯುತ್ ಕಂಪನಿ ಸೆಸ್ಕ್‌ನವರನ್ನು ಕೇಳಿ: ತ್ರೀ ಫೇಸ್ ಲೈನ್ ಆ ಜಾಗದಿಂದ ಎಷ್ಟು ದೂರ? ಜುಲೈನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುತ್ತೆ ಅಂದರೆ ಅದನ್ನೂ ಬರೆದುಬಿಡಿ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ಲಾರಿಗಳನ್ನು ತಡೆಯುವುದುಂಟು, ಜಿಲ್ಲೆಯಲ್ಲಿ ರೈಲೂ ಇಲ್ಲ. ಮುಚ್ಚಿಟ್ಟರೆ ಜಾಗ ನೋಡಲು ಬಂದ ದಿನವೇ ಗೊತ್ತಾಗುತ್ತೆ, ಅಲ್ವಾ?

ನೀವೂ ಒಂದು ಪ್ರಶ್ನೆ ಕೇಳಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮಾಡ್ತೀರಾ, ಬರೀ ಒಣ ಕಾಫಿಯ ಕೆಲಸವಾ? ಪಲ್ಪಿಂಗ್ ಆದರೆ ಆ ನಾರುವ ನೀರು ಯಾವ ತೋಡಿಗೆ ಹೋಗುತ್ತೆ? ಫ್ಯಾಕ್ಟರಿ ಕಟ್ಟಲು ಪಂಚಾಯಿತಿ ಅನುಮತಿ ಬೇಕೇ ಬೇಕು, ಹಾಗಾಗಿ ಇದನ್ನು ಕೇಳೋಕೆ ಸಂಕೋಚ ಬೇಡ. ಅವರ ಉತ್ತರ ಬಂದ ಮೇಲೆ ಗ್ರಾಮಸಭೆಯಲ್ಲಿ ಓದಿ ಹೇಳಿ.

ಜಾಗವೇ ಇಲ್ಲವಾದರೆ ಎರಡೇ ಸಾಲು ಬರೆಯಿರಿ: ನಮ್ಮಲ್ಲಿಲ್ಲ, ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಇದೆ ಅಂತಾದರೆ ಪತ್ರದ ಕೊನೆಗೆ ಒಬ್ಬರ ಫೋನ್ ನಂಬರ್ ಹಾಕಿ. ಅಧ್ಯಕ್ಷರದ್ದೇ ಆಗಬೇಕಂತಿಲ್ಲ, ಮನೆಯಲ್ಲಿ ನೆಟ್‌ವರ್ಕ್ ಸಿಗುವವರದ್ದು.