ವೆಲ್ಷ್ ಭಾಷಾ ಮಾನದಂಡ ಅಂದ್ರೆ ಏನು?

ಹೆಸರು ಕೇಳಿದರೆ ಕಾಗುಣಿತ, ವ್ಯಾಕರಣದ ನಿಯಮ ಇರಬೇಕು ಅನ್ನಿಸುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ವೆಲ್ಷ್ ಅನ್ನುವುದು ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಭಾಷೆ. ಅಲ್ಲಿನ ಯಾವ ಸರ್ಕಾರಿ ಸಂಸ್ಥೆ ಯಾವ್ಯಾವ ಕೆಲಸವನ್ನು ವೆಲ್ಷ್‌ನಲ್ಲಿ ಮಾಡಿಕೊಡಲೇಬೇಕು ಎಂದು ಹೇಳುವ ಕಾನೂನಿನ ನಿಯಮಗಳಿವು.

ಹಿಂದೆ ಹೇಗಿತ್ತು ಗೊತ್ತಾ? ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಕಾಲದಲ್ಲೇ ಕೋರ್ಟಿನಿಂದ ವೆಲ್ಷ್ ಹೊರಬಿದ್ದಿತ್ತು. 1952ರಲ್ಲಿ ಲಾನೆಲಿ ಬಳಿಯ ಐಲೀನ್ ಮತ್ತು ಟ್ರೆವರ್ ಬೀಸ್ಲಿ ದಂಪತಿ, ಮನೆ ತೆರಿಗೆಯ ನೋಟಿಸ್ ವೆಲ್ಷ್‌ನಲ್ಲಿ ಕೊಡಿ, ಆಮೇಲೆ ಕಟ್ಟುತ್ತೇವೆ ಅಂದರು. ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಒಪ್ಪಲಿಲ್ಲ. ಮತ್ತೆ ಮತ್ತೆ ಕೋರ್ಟಿಗೆ ಎಳೆದರು, ಮನೆಯ ಸಾಮಾನು ಜಪ್ತಿ ಮಾಡಿ ಹೊತ್ತೊಯ್ದರು. ಎರಡೂ ಭಾಷೆಯ ನೋಟಿಸ್ ಕೈಗೆ ಬಂದಿದ್ದು 1960ರಲ್ಲಿ. ಒಂದು ಚೀಟಿಗೆ ಎಂಟು ವರ್ಷ!

1993ರ ಕಾನೂನು ಬಂದಾಗ ಪ್ರತಿ ಸಂಸ್ಥೆಯೂ ತನ್ನದೇ ಭಾಷಾ ಯೋಜನೆ ಬರೆದುಕೊಳ್ಳಬೇಕಾಯಿತು. ಒಬ್ಬೊಬ್ಬರದು ಒಂದೊಂದು ಥರ. 2011ರಲ್ಲಿ ವೇಲ್ಸ್‌ನ ಶಾಸನಸಭೆ ಬೇರೆ ದಾರಿ ಹಿಡಿಯಿತು. ವೆಲ್ಷ್‌ಗೆ ಅಧಿಕೃತ ಸ್ಥಾನ ಕೊಟ್ಟಿತು, ಭಾಷಾ ಆಯುಕ್ತರ ಹುದ್ದೆ ಹುಟ್ಟಿಸಿತು, ಈ ಮಾನದಂಡಗಳಿಗೆ ಬುನಾದಿ ಹಾಕಿತು. ವೆಲ್ಷ್ ಅನ್ನು ಇಂಗ್ಲಿಷಿಗಿಂತ ಕಡಿಮೆಯಾಗಿ ನೋಡುವಂತಿಲ್ಲ ಅನ್ನುವುದೇ ಇದರ ತಿರುಳು.

ದಿನನಿತ್ಯ ಇದು ಹೇಗೆ ಕಾಣುತ್ತದೆ? ಕೌನ್ಸಿಲ್ ಕಚೇರಿಗೆ ಫೋನ್ ಮಾಡಿದರೆ ವೆಲ್ಷ್‌ನಲ್ಲೂ ನಮಸ್ಕಾರ ಹೇಳಬೇಕು. ವೆಲ್ಷ್‌ನಲ್ಲಿ ಪತ್ರ ಬರೆದವರಿಗೆ ವೆಲ್ಷ್‌ನಲ್ಲೇ ಉತ್ತರ. ಹೊಸ ಬೋರ್ಡಿನಲ್ಲಿ ವೆಲ್ಷ್ ಸಾಲು ಮೊದಲು ಕಣ್ಣಿಗೆ ಬೀಳುವಂತಿರಬೇಕು. ಹೊಸ ಹುದ್ದೆ ತುಂಬುವ ಮುಂಚೆ, ಅದಕ್ಕೆ ವೆಲ್ಷ್ ಬರುವವರು ಬೇಕಾ ಅಂತ ಯೋಚಿಸಬೇಕು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಜನ ಕೇಳುವ ಮುಂಚೆ ಕಚೇರಿಯೇ ‘ವೆಲ್ಷ್‌ನಲ್ಲಿ ಮಾತಾಡೋಣವೇ?’ ಅನ್ನುವ ಪದ್ಧತಿ. ಅಲ್ಲಿನ ವೆಲ್ಷ್ ಮಾತಾಡುವವರಲ್ಲಿ ಬಹುತೇಕರಿಗೆ ಇಂಗ್ಲಿಷೂ ಚೆನ್ನಾಗಿ ಬರುತ್ತದೆ. ಕೌಂಟರಿನಲ್ಲಿ ಹಟ ಹಿಡಿದು ಕೇಳುವುದು ಮುಜುಗರ, ಸುಮ್ನೆ ಇಂಗ್ಲಿಷಿನಲ್ಲೇ ಕೆಲಸ ಮುಗಿಸಿ ಬರುತ್ತಾರೆ. ಆಮೇಲೆ ‘ಯಾರೂ ಕೇಳೋದೇ ಇಲ್ವಲ್ಲ’ ಅನ್ನೋ ನೆಪ ಕಚೇರಿಗೆ ಸಿಗುತ್ತದೆ. ವೆಲ್ಷ್ ಬರುವ ಸಿಬ್ಬಂದಿ ಕಿತ್ತಳೆ ಬಣ್ಣದ ಬ್ಯಾಡ್ಜ್ ಹಾಕಿಕೊಳ್ಳುವುದೂ ಈ ಮುಜುಗರ ಕಳೆಯಲಿಕ್ಕೇ.

ಎಲ್ಲ ಸಂಸ್ಥೆಗೂ ಒಂದೇ ಪಟ್ಟಿ ಇಲ್ಲ. ಯಾರಿಗೆ ಯಾವ ನಿಯಮ ಅಂತ ಆಯುಕ್ತರು ನೋಟಿಸ್ ಕೊಡುತ್ತಾರೆ. ದೂರು ಬಂದರೆ ತನಿಖೆ ಮಾಡುತ್ತಾರೆ. 5,000 ಪೌಂಡ್‌ವರೆಗೆ ದಂಡ ಹಾಕಬಹುದು. ದೊಡ್ಡ ಸಂಸ್ಥೆಗೆ ಇದೇನೂ ಜಾಸ್ತಿ ಅಲ್ಲ ಬಿಡಿ.

2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000, ಅಂದರೆ ವೇಲ್ಸ್‌ನ ಜನರಲ್ಲಿ 17.8%. 2050ಕ್ಕೆ ಹತ್ತು ಲಕ್ಷ ಮಾಡಬೇಕು ಅನ್ನುವುದು ಅಲ್ಲಿನ ಸರ್ಕಾರದ ಗುರಿ. ಆದರೆ ಸೂಪರ್‌ಮಾರ್ಕೆಟ್, ಬ್ಯಾಂಕುಗಳಿಗೆ ಈ ಮಾನದಂಡ ಅನ್ವಯಿಸುವುದಿಲ್ಲ. ಅಲ್ಲಿ ವೆಲ್ಷ್ ಬೋರ್ಡ್ ಕಂಡರೆ ಅದು ಅವರವರ ಇಷ್ಟ.